ಕೆಂಪು ಎಲ್ಲಿಂದ ಬಂತು

ತೊಂಬತ್ತರ ದಶಕದ ನಡುವೆ ನಾನು ಕಲ್ಲೋಳಿಯಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಬಿ.ಎಸ್ಸಿ ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಪ್ರಯೋಗಕ್ಕೆ ಕಾವು ಕೊಟ್ಟ ಕೋಳಿಮೊಟ್ಟೆ ಒಡೆದು, ಒಳಗೆ ಬೆಳೆಯುತ್ತಿರುವ ಭ್ರೂಣವನ್ನು ನೋಡಿ ಚಿತ್ರ ಬರೆಯಬೇಕಿತ್ತು. ನಮ್ಮದು ಜೈನರ ಮನೆ. ಬೆಚ್ಚಗಿನ ಮೊಟ್ಟೆ ಕೈಗೆ ಬಂದಾಗ ಒಡೆಯಲು ಮನಸ್ಸೇ ಆಗಲಿಲ್ಲ. ಪ್ರಯೋಗ ಮಾಡಿಸುತ್ತಿದ್ದ ಮೇಡಮ್‌ಗೆ ಹೇಳಿಬಿಟ್ಟೆ:

"ಮೇಡಮ್, ನನ್ನ ಕೈಲೆ ಆಗೂದಿಲ್ರಿ. ಮಾರ್ಕ್ಸ್ ಹೋದ್ರ ಹೋಗ್ಲಿ."

ಬೈಯುತ್ತಾರೆ ಅಂದುಕೊಂಡೆ. ಮೇಡಮ್ ಮೊಟ್ಟೆಯನ್ನು ಕೈಗೆ ತೆಗೆದುಕೊಂಡು, "ಒಡೀಲಾರ್ದ ನೋಡಾಕ ಬರತೈತೇನು?" ಎಂದು ನನ್ನನ್ನೇ ಕೇಳಿದರು.

ಬರುತ್ತದೆ ಎಂದೆ. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಮುದುಕಿಯೊಬ್ಬಳಿದ್ದಳು. ಎಲ್ಲರೂ ಆಯಿ ಎನ್ನುತ್ತಿದ್ದೆವು. ಮನೆಯಲ್ಲಿ ಜವಾರಿ ಕೋಳಿ ಸಾಕಿದ್ದಳು; ಯಾವ ಮೊಟ್ಟೆಯಲ್ಲಿ ಜೀವವಿದೆ ಎಂದು ಒಡೆಯದೆಯೇ ಹೇಳುತ್ತಿದ್ದಳು.

ಮುಂದಿನ ಭಾನುವಾರ ಮೇಡಮ್ ಕಲ್ಲೋಳಿಗೆ ಬಂದೇಬಿಟ್ಟರು. ಆಯಿ ನಮ್ಮಿಬ್ಬರನ್ನೂ ಕತ್ತಲು ತುಂಬಿದ ಹೊಟ್ಟಿನ ಕೋಣೆಗೆ ಕರೆದೊಯ್ದಳು. ಮೇಲಿನ ತಗಡಿನ ತೂತಿನಿಂದ ಬಿಸಿಲ ಕೋಲೊಂದು ಇಳಿದಿತ್ತು. ನಾಲ್ಕು ದಿನ ಕಾವಿನಲ್ಲಿದ್ದ ಮೊಟ್ಟೆಯನ್ನು ಅದಕ್ಕೆ ಅಡ್ಡ ಹಿಡಿದಳು. ಚಿಪ್ಪು ಬೆಳಗಿತು. ಒಳಗೆ ಜೇಡ ಕಾಲು ಚಾಚಿದ ಹಾಗೆ ಕೆಂಪು ಎಳೆಗಳು.

ಮೇಡಮ್ ನೆಲದ ಮೇಲೆಯೇ ಕೂತುಬಿಟ್ಟರು. "ಇಷ್ಟ ವರ್ಷ ನಾ ಸತ್ತದ್ದನ್ನ ತೋರಿಸ್ಕೋತ ಬಂದೇನಿ," ಅಂದರು.

ಆಯಿ ಮೊಟ್ಟೆಯನ್ನು ಕೋಳಿಯ ಕೆಳಗೆ ಸರಿಸಿ ಬಂದು ಕೇಳಿದಳು: "ಬಾಯಾರ, ತತ್ತಿಯೊಳಗ ಇರೂದು ಬಿಳೀದು, ಹಳದಿ. ಈ ಕೆಂಪು ಎಲ್ಲಿಂದ ಬಂತ್ರಿ?"

"ಮೊದಲನೇ ನೆತ್ತರ ಮರಿ ಮೈಯಾಗ ಹುಟ್ಟೂದಿಲ್ರಿ ಆಯಿ, ಹಳದಿ ಸುತ್ತಿನ ಪೊರಿಯಾಗ ಹುಟ್ಟತೈತಿ. ಆದ್ರ ಉಳಿದ ಎಲ್ಲಾ ಜೀವಕಣ ಬಿಟ್ಟು ಆ ಪೊರಿಯಾಗಿನವಷ್ಟ ಯಾಕ ನೆತ್ತರ ಆಗ್ತಾವು, ನನಗ ಗೊತ್ತಿಲ್ರಿ."

ಕಲಿಸುವವರೊಬ್ಬರು ವಿದ್ಯಾರ್ಥಿನಿಯ ಎದುರು ಗೊತ್ತಿಲ್ಲ ಎಂದು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಕೋಣೆಯಲ್ಲಿ ಕಂಡದ್ದನ್ನೇ ಬರೆದು ಕೊಟ್ಟೆ. ಮೇಡಮ್ ಅದನ್ನೇ ಪ್ರಯೋಗವೆಂದು ಒಪ್ಪಿಕೊಂಡರು.

ಮುಂದೆ ನಾನು ಹುಕ್ಕೇರಿಯಲ್ಲಿ ಶಾಲಾ ಶಿಕ್ಷಕಿಯಾದೆ. ಹಲವು ವರ್ಷಗಳ ಮೇಲೆ, ರಜೆಗೆಂದು ಊರಿಗೆ ಬಂದಿದ್ದಾಗ, ತಲೆ ಪೂರ್ತಿ ನರೆತ ಮೇಡಮ್ ಬಸ್ಸಿಳಿದು ಬಂದರು. ನನ್ನನ್ನಲ್ಲ, ಆಯಿಯನ್ನು ಕೇಳಿಕೊಂಡು. ಧಾರವಾಡದ ಲೈಬ್ರರಿಯಲ್ಲಿ ಕೂತು ಹೊಸ ಸಂಶೋಧನೆಗಳನ್ನು ಓದಿ ಬಂದಿದ್ದರು.

"ಆಯಿ, ಪ್ರತಿ ಕಣದಾಗೂ ಎಲ್ಲಾ ಕೆಲಸದ ಬರಹ ಇರತೈತ್ರಿ. ನೀರಿನ ಕಾಲವಿಗೆ ಗೇಟ ಇದ್ದಂಗ ಅದಕ್ಕ ಸಣ್ಣ ಸಣ್ಣ ಗುರುತು ಅದಾವು. ಬರಹ ಅಳಸೂದಿಲ್ಲ; ಬ್ಯಾಡಾದ್ದು ಮುಚ್ಚತೈತಿ, ನೆತ್ತರದ್ದು ತೆರೀತೈತಿ. ಆ ಕಣ ಕೆಂಪಾಗತೈತಿ."

ಆಯಿ ತಲೆದೂಗಿದಳು. "ಖರೆ ಐತಿ. ಆದ್ರ ಗೇಟ ತೆಗ್ಯಾವರು ಯಾರ್ರಿ?"

"ಒಂದಿಷ್ಟು ಗೊತ್ತಾಗೇತಿ. ಪೂರಾ ಇನ್ನೂ ಹುಡಕಾಕತ್ತಾರ್ರಿ." ಮೇಡಮ್ ಚೀಲದಿಂದ ವಹಿ ತೆಗೆದು ಆ ಪ್ರಶ್ನೆಯನ್ನೂ ಬರೆದುಕೊಂಡರು.

"ಇಷ್ಟ ಹೇಳಾಕ ಗೋಕಾಕದಿಂದ ಬಂದ್ರ್ಯಾ?"

"ನೀವು ಕೇಳಿದ್ರಲ್ರಿ."

ಆಯಿ ಎದ್ದಳು. ಒಳಗೆ ಹೋಗಿ ಶೇಂಗಾ, ಬೆಲ್ಲ ತಂದು ಅವರ ಮುಂದಿಟ್ಟಳು.