ದೊಡ್ಡಪ್ಪನನ್ನು ತೆಗೆಸಿದ್ದು

ಹುಟ್ಟಿದಾಗಲೇ ಅವಳ ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳಿದ್ದವು. ಅಜ್ಜಿ ಕೂಸನ್ನು ತಿರುಗಿಸಿ ಮುರುಗಿಸಿ ನೋಡಿ, ಚುಕ್ಕಿಗೆ ತನ್ನ ಕಡೆಯ ಮಾತಿನಲ್ಲಿ ‘ಚಿಕ್ಕಿ’ ಎಂದು ಕರೆದದ್ದೇ ಉಳಿದುಕೊಂಡಿತು. ಮುಂದೆ ಅಕ್ಕನ ಮಕ್ಕಳೂ ಚಿಕ್ಕಮ್ಮನನ್ನು ಚಿಕ್ಕಿ ಎಂದೇ ಕೂಗತೊಡಗಿದ್ದರಿಂದ ಬೇರೆ ಹೆಸರು ಹುಡುಕುವ ತಾಪತ್ರಯ ಯಾರಿಗೂ ಬರಲಿಲ್ಲ.

ಮಚ್ಚೆಗಳ ಬೆನ್ನಿಗೇ ಗಂಟುಗಳು ಬಂದವು. ಇದು ನರಗಳ ಮೇಲೆ ಗಂಟು ಬೆಳೆಯುವ ಕಾಯಿಲೆ, ಹುಟ್ಟಿನಿಂದ ಬಂದದ್ದು, ಯಾರಿಗೂ ಅಂಟುವುದಿಲ್ಲ, ಪೂರ್ತಿ ವಾಸಿಯೂ ಆಗುವುದಿಲ್ಲ, ಒಂದು ಕಣ್ಣಿಟ್ಟಿರಬೇಕು ಎಂದರು ಡಾಕ್ಟರು. ತಮ್ಮಿಬ್ಬರಲ್ಲೂ ಇಲ್ಲದ್ದು ಮಗಳಿಗೆ ಹೇಗೆ ಬಂತು ಎಂದು ಅಪ್ಪ ಕೇಳಿದರು. ವಂಶವಾಹಿಯಲ್ಲಿ ಒಂದಕ್ಷರ ತಪ್ಪಾಗಿದೆ ಅಂದುಕೊಳ್ಳಿ ಎಂದು ಡಾಕ್ಟರು ವಿವರಿಸಿದರು. ಕಲಿಯುವುದು ಕಷ್ಟವಾಗುವುದೂ ಇದೇ ಕಾಯಿಲೆಯ ಒಂದು ಮುಖ ಎಂದರು. ಆಗ ಚಿಕ್ಕಿ ಒಂದೇ ತರಗತಿಯಲ್ಲಿ ಎರಡನೇ ವರ್ಷ ಕೂತಿದ್ದಳು.

“ಸರಿಹೋಯ್ತು ಬಿಡಿ,” ಎಂದಳು ಅಮ್ಮ. “ಶಾಲೆಗೆ ಸೇರೋಕೆ ಮುಂಚೇನೇ ಅಕ್ಷರ ತಪ್ಪೋದಕ್ಕೆ ಶುರು ಮಾಡಿದ್ದಾಳೆ ಇವಳು.”

ಅಪ್ಪ ಅಮ್ಮ ತೀರಿಕೊಂಡ ಮೇಲೆ ಚಿಕ್ಕಿ ಅಕ್ಕ ಭಾವನ ಜೊತೆಗಿದ್ದಾಳೆ. ಈಗ ನಲವತ್ತರ ಹತ್ತಿರ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಒಣಗಿದ ಹೊದಿಕೆಯ ಎರಡು ತುದಿ ಇವಳು, ಎರಡು ತುದಿ ಜೊತೆಗೆ ಕೆಲಸ ಮಾಡುವ ಇಸ್ತ್ರಿಯಮ್ಮ ಹಿಡಿದು, ಒಮ್ಮೆ ಒದರಿ, ಮಡಿಸುತ್ತ ಹತ್ತಿರ ಬರಬೇಕು. ಚಿಕ್ಕಿಗೆ ಎಡ ಬಲ ಇವತ್ತಿಗೂ ಕೈಗೆ ಸಿಕ್ಕಿಲ್ಲ. ಮೊದಮೊದಲು ಇಸ್ತ್ರಿಯಮ್ಮ “ಎಡಕ್ಕೆ!” ಎಂದರೆ ಇವಳು ಬಲಕ್ಕೆ ತಿರುಗಿ, ಹೊದಿಕೆ ಹಗ್ಗದಂತೆ ಹೊಸೆದುಕೊಂಡು, ಕೊನೆಗೆ ಇಬ್ಬರೂ ಮೂಗಿಗೆ ಮೂಗು ತಾಗಿಸಿಕೊಂಡು ನಿಲ್ಲುತ್ತಿದ್ದರು. ಆಮೇಲೆ ಇಸ್ತ್ರಿಯಮ್ಮ “ಕಿಟಕಿ ಕಡೆಗೆ”, “ಬಾಯ್ಲರ್ ಕಡೆಗೆ” ಎನ್ನಲು ಶುರುಮಾಡಿದಳು. ಕೆಲಸ ನೀರು ಕುಡಿದಷ್ಟು ಸಲೀಸಾಯಿತು.

ಗಂಟುಗಳಿಗೆ ಡಾಕ್ಟರು ಕೊಟ್ಟ ನಂಬರುಗಳೂ ಚಿಕ್ಕಿಯ ತಲೆಯಲ್ಲಿ ನಿಲ್ಲಲಿಲ್ಲ. ಅದಕ್ಕೆ ಅವಳು ನೆಂಟರ ಹೆಸರಿಟ್ಟಳು. ಮುಟ್ಟಿದರೆ ಚುರುಕ್ಕೆನ್ನುವ ಮೊಣಕೈಯ ಗಂಟು ಅತ್ತೆ. ಹೆಗಲ ಕೆಳಗೆ ಯಾರ ತಂಟೆಗೂ ಹೋಗದೆ ಸುಮ್ಮನೆ ಕೂತದ್ದು ಭಾವ. ಹೊಟ್ಟೆಯ ಮೇಲಿನ ಸಣ್ಣಪುಟ್ಟವೆಲ್ಲ ಮೊಮ್ಮಕ್ಕಳು. ಕತ್ತಿನ ಹಿಂದೆ ದಿನೇದಿನೇ ದಪ್ಪಗಾಗುತ್ತಿದ್ದದ್ದು ದೊಡ್ಡಪ್ಪ.

ಕಳೆದ ವರ್ಷ ಹೊದಿಕೆ ಒದರುವಾಗಲೆಲ್ಲ ಕತ್ತಿನಿಂದ ಬೆರಳಿನವರೆಗೆ ಜುಮ್ಮೆನ್ನತೊಡಗಿತು. ಆಸ್ಪತ್ರೆಗೆ ಹೋದಳು. ಹಳೆಯ ಡಾಕ್ಟರು ನಿವೃತ್ತರಾಗಿ ಹೊಸಬರು ಬಂದಿದ್ದರು.

“ಏನಮ್ಮ ತೊಂದರೆ?”

“ದೊಡ್ಡಪ್ಪ ತುಂಬ ಕಾಟ ಕೊಡ್ತಿದ್ದಾರೆ ಡಾಕ್ಟ್ರೇ. ಮಲಗೋಕೂ ಬಿಡಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಬಾಗಿಲು ಮುಚ್ಚುವಂತೆ ನರ್ಸಿಗೆ ಸನ್ನೆ ಮಾಡಿದರು. “ಹೆದರಬೇಡಿ. ಮನೇಲಿ ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ಎಲ್ರಿಗೂ ಗೊತ್ತು. ಅತ್ತೇನೂ ಹೀಗೇ, ಆದ್ರೆ ಅವರು ಊದ್ಕೊಂಡಿಲ್ಲ.”

ಪೊಲೀಸರಿಗೆ ಫೋನು ಹೋಗುವುದೊಂದು ಬಾಕಿ. ಅಷ್ಟರಲ್ಲಿ ಚಿಕ್ಕಿ ಜಡೆ ಪಕ್ಕಕ್ಕೆ ಸರಿಸಿ ದೊಡ್ಡಪ್ಪನನ್ನು ತೋರಿಸಿದಳು. ಡಾಕ್ಟರು ಉಸಿರು ಬಿಟ್ಟು, ಆಮೇಲೆ ಬಗ್ಗಿ ನೋಡಿ, ಸ್ಕ್ಯಾನು ಮಾಡಿಸಿದರು. ಗಂಟು ನರವನ್ನು ಒತ್ತುತ್ತಿತ್ತು. ತೆಗೆಯಲೇಬೇಕು, ತೆಗೆದು ಕೆಟ್ಟ ಗಂಟೋ ಅಲ್ಲವೋ ಎಂದು ಪರೀಕ್ಷೆಯನ್ನೂ ಮಾಡಿಸಬೇಕು ಎಂದರು.

ಚಿಕ್ಕಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದಳು. ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿದಳು. ನಡುಮನೆಯಲ್ಲಿ ನಿಜವಾದ ದೊಡ್ಡಪ್ಪ ಕಾಫಿ ಕುಡಿಯುತ್ತ ಕೂತಿದ್ದರು. ಎಲ್ಲರಿಗಿಂತ ಹಿರಿಯರು, ಎಲ್ಲ ವಿಷಯಕ್ಕೂ ಕೊನೆಯ ಮಾತು ಅವರದೇ.

“ಅಕ್ಕಾ, ದೊಡ್ಡಪ್ಪನ್ನ ತೆಗೆದುಬಿಡ್ಬೇಕಂತೆ,” ಎಂದಿತು ಫೋನು, ಮನೆಯೆಲ್ಲ ಕೇಳುವಂತೆ. “ಇನ್ನು ಇಟ್ಕೊಂಡ್ರೆ ನಮಗೇ ಕಷ್ಟವಂತೆ. ಪ್ರಜ್ಞೆ ತಪ್ಪೋ ಔಷಧಿ ಕೊಟ್ಟು ಕುಯ್ತಾರಂತೆ. ಆಮೇಲೆ ಬಾಟ್ಲಿಲಿ ಹಾಕಿ ಕಳಿಸ್ತಾರಂತೆ, ಕೆಟ್ಟವರಾ ಒಳ್ಳೆಯವರಾ ನೋಡೋಕೆ.”

ದೊಡ್ಡಪ್ಪನ ಬಾಯೊಳಗಿದ್ದ ಕಾಫಿ ಗಂಟಲಿಗೂ ಇಳಿಯಲಿಲ್ಲ, ಬಾಯಲ್ಲೂ ಉಳಿಯಲಿಲ್ಲ. ಅಂಗಿಯ ಮೇಲಾಯಿತು.

ಸಂಜೆ ಚಿಕ್ಕಿ ಮನೆಗೆ ಬರುವಷ್ಟರಲ್ಲಿ ಅಕ್ಕ ಅವರಿಗೆ ಗಂಟಿನ ಕಥೆ ಹೇಳಿ ಮುಗಿಸಿದ್ದಳು, ಆದರೂ ಅವರು ಎದ್ದು ಹೋಗಿರಲಿಲ್ಲ. “ಅಲ್ಲಮ್ಮಾ, ಇಡೀ ಬಳಗದಲ್ಲಿ ನನ್ನ ಹೆಸರೇ ಬೇಕಾಗಿತ್ತಾ ನಿಂಗೆ?”

ಅಕ್ಕ ಹಿಂದಿನಿಂದ ಬೇಡ ಬೇಡ ಎಂದು ಕೈಯಾಡಿಸಿದಳು. ಆದರೆ ಚಿಕ್ಕಿಗೆ ಯಾರು ಏನು ಕೇಳಿದರೂ ಉತ್ತರ ಕೊಟ್ಟೇ ಅಭ್ಯಾಸ.

“ಫೋಟೋ ತೆಗೆಯುವಾಗೆಲ್ಲ ನೀವು ‘ಚಿಕ್ಕೀ, ನೀನು ಹಿಂದೆ ನಿಂತ್ಕೋ’ ಅಂತೀರಲ್ಲ. ಇದು ಹಿಂದೆ ಬಂತು. ನಿಮ್ಮ ಹೆಸರಿಟ್ಟೆ.”

ದೊಡ್ಡಪ್ಪ ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅಕ್ಕ ತಲೆ ಚಚ್ಚಿಕೊಂಡಳು. ತಾನು ಏನು ತಪ್ಪು ಹೇಳಿದೆ ಎಂದು ಚಿಕ್ಕಿಗೆ ತಿಳಿಯಲಿಲ್ಲ. ಇದ್ದದ್ದನ್ನೇ ಹೇಳಿದ್ದಳು.

ಆಪರೇಷನ್ ದಿನ ಕರೆಯದಿದ್ದರೂ ದೊಡ್ಡಪ್ಪ ಆಸ್ಪತ್ರೆಗೆ ಬಂದರು. ಮಂಚದ ಪಕ್ಕ ನಿಂತು ಛಾವಣಿಯ ಫ್ಯಾನು ನೋಡುತ್ತ, “ಹೆದರ್ಕೋಬೇಡ,” ಎಂದರು.

“ನಂಗೆ ಹೆದರಿಕೆ ಇಲ್ಲ. ನಿಮಗೆ?”

“ನಂಗೂ ಇಲ್ಲ,” ಎಂದರು, ಮಂಚದ ಸರಳನ್ನು ಬಿಡದೆ.

ಚಿಕ್ಕಿಗೆ ನಿಜಕ್ಕೂ ಹೆದರಿಕೆಯಿತ್ತು. ಆದರೆ ಅವರು ಸರಳನ್ನು ಅಷ್ಟು ಬಿಗಿಯಾಗಿ ಹಿಡಿದಿರುವಾಗ ಹೇಳಿ ಪ್ರಯೋಜನವಿಲ್ಲ ಅನ್ನಿಸಿತು.

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ದೊಡ್ಡಪ್ಪ ವರಾಂಡದಲ್ಲಿ ಅತ್ತಿಂದಿತ್ತ ಅಲೆದು ನೆಲ ಒರೆಸುವವಳಿಂದ ಬೈಸಿಕೊಂಡರು. ಕೊನೆಗೆ ನರ್ಸು ನಗುತ್ತ ಹೊರಬಂದಳು. “ದೊಡ್ಡಪ್ಪ ಹೊರಗೆ ಬಂದ್ರು! ಏನೂ ತೊಂದ್ರೆ ಆಗ್ಲಿಲ್ಲ.”

“ನಾನು ಬೆಳಿಗ್ಗೆಯಿಂದ ಹೊರಗೇ ಇದ್ದೀನಲ್ಲಮ್ಮ,” ಎಂದರು ದೊಡ್ಡಪ್ಪ ಗಾಬರಿಯಿಂದ. “ಹುಡುಗಿ ಹೇಗಿದ್ದಾಳೆ ಹೇಳು.”

ಹುಡುಗಿ ಚೆನ್ನಾಗಿದ್ದಳು. ಬೆರಳಿನ ಜುಮ್ಮು ನಿಧಾನವಾಗಿ ಇಳಿಯಿತು. ಹೊಲಿಗೆ ಬಿಚ್ಚಿಸುವ ದಿನ ಅಕ್ಕನಿಗೂ ಭಾವನಿಗೂ ರಜೆ ಸಿಗಲಿಲ್ಲ. “ನಾನು ಕರ್ಕೊಂಡು ಹೋಗ್ತೀನಿ. ಅದೇನು ಮಹಾ ಕೆಲಸ?” ಎಂದು ದೊಡ್ಡಪ್ಪನೇ ಹೊರಟರು. ಡಾಕ್ಟರು ಹೊಲಿಗೆ ಬಿಚ್ಚಿ, ಪರೀಕ್ಷೆಯ ಫಲಿತಾಂಶವನ್ನೂ ಹೇಳಿದರು. ಕೆಟ್ಟದ್ದೇನೂ ಇಲ್ಲ, ಮುಂದೆಯೂ ತಪ್ಪದೆ ತೋರಿಸುತ್ತಿದ್ದರೆ ಸಾಕು. “ನೀವು ಒಳ್ಳೆಯವರಂತೆ,” ಎಂದು ಚಿಕ್ಕಿ ದೊಡ್ಡಪ್ಪನ ಕೈ ಕುಲುಕಿದಳು. ಅವರು ಕನ್ನಡಕ ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಆದರೂ ಚಿಕ್ಕಿಯ ಪಕ್ಕದ ಸೀಟು ಖಾಲಿ. ಅವಳ ಕೈಯ ಗಂಟುಗಳನ್ನು ನೋಡಿ ಜನ ನಿಂತೇ ಇದ್ದರು. ಚಿಕ್ಕಿಗೆ ಇದು ಹೊಸದಲ್ಲ. ಅವಳು ಚೀಲಕ್ಕೆ ಆ ಸೀಟು ಕೊಟ್ಟಿದ್ದಳು. ಟಿಕೆಟು ಕೊಂಡು ಹಿಂದಿನಿಂದ ಬಂದ ದೊಡ್ಡಪ್ಪ ಚೀಲ ಎತ್ತಿ, ಧೊಪ್ಪೆಂದು ಕೂತು, ನಿಂತವರನ್ನೆಲ್ಲ ಒಮ್ಮೆ ದುರುಗುಟ್ಟಿ ನೋಡಿದರು. “ನಮ್ಮ ಹುಡುಗಿ!” ಎಂದರು, ಯಾರೂ ಕೇಳದಿದ್ದರೂ.

ಚಿಕ್ಕಿಗೆ ಬೋರ್ಡು ಓದಲು ಬರುವುದಿಲ್ಲ. ನೀಲಿ ಬಾಗಿಲಿನ ಔಷಧಿ ಅಂಗಡಿ ಕಂಡರೆ ಇಳಿಯಬೇಕು ಎಂಬುದು ಅವಳ ಲೆಕ್ಕ. ಕಿಟಕಿಗೆ ಮುಖ ಒತ್ತಿ ಕೂತಳು.

“ನೀನು ಯಾಕೆ ಕಣ್ಣು ನೋಯಿಸ್ಕೋತೀಯ? ನಾನಿದ್ದೀನಲ್ಲ,” ಎಂದರು ದೊಡ್ಡಪ್ಪ. ಅವಳು ವಿಧೇಯಳಾಗಿ ಮುಖ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅವರು ಅವಳ ಹೆಗಲಿಗೆ ಒರಗಿ ಗೊರಕೆ ಹೊಡೆಯತೊಡಗಿದರು.

ಕಂಡಕ್ಟರು ಬಂದು ಎಬ್ಬಿಸಿದಾಗ ಸುತ್ತಲೂ ಖಾಲಿ ಬಸ್ಸುಗಳೇ ನಿಂತಿದ್ದವು. “ಡಿಪೋ ಬಂತು, ಇಳೀರಿ. ಇದರಾಚೆ ದಾರಿ ಇಲ್ಲ.”

ಡಿಪೋದ ಗೂಡಂಗಡಿಯಲ್ಲಿ ಇಬ್ಬರೂ ಚಹಾ ಕುಡಿದರು. ದೊಡ್ಡಪ್ಪ ಆಚೀಚೆ ನೋಡಿ ದನಿ ತಗ್ಗಿಸಿದರು. “ಇದನ್ನ ಮನೇಲಿ ಯಾರಿಗೂ ಹೇಳ್ಬೇಡ, ಆಯ್ತಾ?”

“ಯಾರಿಗೂ ಹೇಳಲ್ಲ ದೊಡ್ಡಪ್ಪ,” ಎಂದು ಚಿಕ್ಕಿ ಮಾತು ಕೊಟ್ಟಳು. “ಅಕ್ಕಂಗೆ, ಭಾವಂಗೆ, ಇಸ್ತ್ರಿಯಮ್ಮಂಗೆ ಮಾತ್ರ ಹೇಳ್ತೀನಿ.”