ಬ್ಯಾಟರಿಗೆ ಹೊಲಿದ ಕೋಟು

ಬೀದಿಯ ನಡುವಿನ ದರ್ಜಿಗೆ ಜಗತ್ತಿನಲ್ಲಿ ಯಾವುದೂ ಬರಿಮೈಯಲ್ಲಿರುವುದನ್ನು ಸಹಿಸಲಾಗುತ್ತಿರಲಿಲ್ಲ. ಅವನ ಮನೆಯಲ್ಲಿ ಟೀವಿಗೆ ಗವಸು, ಮಿಕ್ಸಿಗೆ ಗವಸು, ನೀರಿನ ಫಿಲ್ಟರಿಗೂ ಅಂಚು ಮಡಚಿದ ಗವಸು. ರಿಮೋಟಿಗೆ ಹೊಲಿದದ್ದು ಎಷ್ಟು ಬಿಗಿಯಾಗಿತ್ತೆಂದರೆ, ಗುಂಡಿ ಒತ್ತಲಾಗದೆ ಗಂಡ ಹೆಂಡತಿ ಒಂದೇ ಚಾನೆಲ್ ನೋಡಿಕೊಂಡು ಬಂದಿದ್ದರು. ಇಷ್ಟು ಶ್ರದ್ಧೆಯ ಮನುಷ್ಯನಿಗೆ ಗಿರಾಕಿಗಳ ಬಟ್ಟೆ ಹೇಳಿದ ದಿನಕ್ಕೆ ಕೊಡಲು ಮಾತ್ರ ಪುರುಸೊತ್ತು ಸಿಗುತ್ತಿರಲಿಲ್ಲ. ಯಾರು ಕೇಳಿದರೂ, ಯಾವಾಗ ಕೇಳಿದರೂ, ಉತ್ತರ ಒಂದೇ: “ಮುಂದಿನ ವಾರ.”

ಅವನ ಹೆಂಡತಿ ಅದೇ ಅಂಗಡಿಯ ಕಿಟಕಿಯ ಪಕ್ಕ ಕೂತು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು. ಬೀದಿಗೆಲ್ಲ ಅವಳು ಕಾಜಕ್ಕ. ಮದುವೆಯಾದ ಹೊಸತರಲ್ಲಿ ದರ್ಜಿ ಅವಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಸಮುದ್ರ ಅರ್ಧ ದಿನದ ದಾರಿ. ಅದೇನು ಕಾಲು ಬಂದು ಓಡಿಹೋಗುತ್ತದೆಯೇ ಎಂಬುದು ಅವನ ವಾದ. ಸಮುದ್ರ ಓಡಿಹೋಗಲಿಲ್ಲ, ನಿಜ. ಕಾಜಕ್ಕನ ಕಣ್ಣು ಹೋಗತೊಡಗಿತು. “ಬಲಗಣ್ಣು ಹೋದಷ್ಟು ಹೋಯಿತು, ಎಡಗಣ್ಣಿಗೆ ಔಷಧಿ ಹಾಕ್ತಾ ನೋಡೋಣ” ಎಂದಿದ್ದರು ಕಣ್ಣಿನ ಡಾಕ್ಟರು. ಮನೆಗೆ ಬಂದ ಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ. ಸಮುದ್ರದ ಮಾತನ್ನು ಮಾತ್ರ ಮೊದಲಿಗಿಂತ ಹೆಚ್ಚು ಎತ್ತತೊಡಗಿದಳು.

ಆಗಲೇ ಊರು ಬಿಡುತ್ತಿದ್ದ ಗಿರಾಕಿಯೊಬ್ಬ ತನ್ನ ಹಳೆಯ ಮೋಟರ್‌ಹೋಮನ್ನು ದರ್ಜಿಗೆ ಮಾರಿದ. ಬೀದಿಯವರು ಅದನ್ನು ಮನೆಗಾಡಿ ಎಂದರು. ಒಳಗೆ ಮಡಚುವ ಮಂಚ, ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ಬೆಂಚಿನ ಕೆಳಗೆ ಜೋಡಿ ಬ್ಯಾಟರಿ. ಕಾಜಕ್ಕ ಆ ದಿನವೇ ಬಟ್ಟೆಯ ಚೀಲ ತುಂಬಿ ಗಾಡಿಯಲ್ಲಿಟ್ಟಳು. ದರ್ಜಿ ಬೆಂಚಿನ ಹಲಗೆ ಎತ್ತಿ ಬ್ಯಾಟರಿಗಳನ್ನು ನೋಡಿದ. ನೋಡಿದ್ದೇ ತಡ, ಮನಸ್ಸು ಕೊಟ್ಟುಬಿಟ್ಟ.

ಕಾಜಕ್ಕನ ತಮ್ಮ ಪಕ್ಕದ ಬೀದಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ. ಅವನನ್ನು ಕರೆಸಿದರು. ಕಾಜಕ್ಕ ಚಹಾ ಹಿಡಿದು ಬರುವಷ್ಟರಲ್ಲಿ ಅವನ ಪಾಠ ಅರ್ಧ ಮುಗಿದಿತ್ತು.

“ಇದು ಆಸಿಡ್ ಇರೋ ಬ್ಯಾಟರಿ ಭಾವ. ಚಾರ್ಜ್ ಆಗೋವಾಗ ಗ್ಯಾಸ್ ಬಿಡುತ್ತೆ. ಬಾಗಿಲು ಕಿಟಕಿ ತೆಗೆದೇ ಇರಬೇಕು. ಹತ್ತಿರ ಬೆಂಕಿ ಕಡ್ಡಿ ಗೀರಿದರೆ ಮುಗೀತು.”

“ನಾನೇನು ಬೀಡಿ ಸೇದ್ತೀನಾ?”

“ಸೇದ್ತೀರಿ ಅಂದ್ನಾ? ಕೇಳಿ ಇಲ್ಲಿ. ಮೊದಲು ಕ್ಲಿಪ್ ಹಾಕಿ, ಆಮೇಲೆ ಸ್ವಿಚ್. ತೆಗೆಯೋವಾಗ ಮೊದಲು ಸ್ವಿಚ್ ಆಫ್, ಆಮೇಲೆ ಕ್ಲಿಪ್. ತಿರುಗಾಮುರುಗಾ ಮಾಡಿದ್ರೆ ಕಿಡಿ ಹಾರುತ್ತೆ. ಬ್ಯಾಟರಿ ನೀರು ಚಾರ್ಜ್ ಆದ್ಮೇಲೆ ಹಾಕಿ, ಗೆರೆವರೆಗೆ ಮಾತ್ರ. ತುಂಬಿದ ತಕ್ಷಣ ನಿಲ್ಲಿಸಿ. ನಿಮ್ಮ ಚಾರ್ಜರ್ ಹಳೇದು, ತಾನಾಗಿ ನಿಲ್ಲೋದಿಲ್ಲ.”

“ಚಳಿಗಾಲಕ್ಕೆ?”

“ಚಳಿಗೆ ಸ್ವಲ್ಪ ಮಂಕಾಗುತ್ತೆ. ಖಾಲಿ ಬಿಡಬೇಡಿ, ಅಷ್ಟೇ.”

ಇಷ್ಟು ದೊಡ್ಡ ಪಾಠದಲ್ಲಿ ದರ್ಜಿಯ ಕಿವಿಗೆ ಬಿದ್ದದ್ದು ಚಳಿ ಎಂಬ ಒಂದೇ ಮಾತು. ಅವನು ಕೊರಳಿನ ಟೇಪು ತೆಗೆದು ಬ್ಯಾಟರಿಗಳ ಅಳತೆ ತೆಗೆಯತೊಡಗಿದ.

“ಎದೆಯ ಸುತ್ತಳತೆ ಎಲ್ಲಿಂದ ಹಿಡೀತೀರಿ ಭಾವ?” ಎಂದ ತಮ್ಮ.

“ನಗು ನಗು. ನಿನ್ನ ಪ್ಯಾಂಟು ಇನ್ನೂ ನನ್ನ ಹತ್ತಿರಾನೇ ಇದೆ.”

ಕೋಟು ಸಿದ್ಧವಾಯಿತು. ಯಾವನೋ ವಕೀಲನ ಕೋಟಿನಲ್ಲಿ ಉಳಿದ ಕಪ್ಪು ಬಟ್ಟೆ, ಒಳಗೆ ಹತ್ತಿ, ಅದರೊಳಗೆ ಅಸ್ತರಿ, ವೈರಿಗೆ ಬಿಟ್ಟ ತೂತಿಗೂ ಪಟ್ಟಿ. ಎದುರಿಗೆ ಸಾಲು ಗುಂಡಿ. ಕಾಜಾಗಳನ್ನು ಹಾಕಿದ್ದು ಕಾಜಕ್ಕನೇ, ಎಡಗಣ್ಣಿಗೆ ಬಟ್ಟೆಯನ್ನು ತಾಗುವಷ್ಟು ಹತ್ತಿರ ಹಿಡಿದು. ತಮ್ಮ ಬಂದು ನೋಡಿ ಹಣೆ ಚಚ್ಚಿಕೊಂಡ.

“ಚಾರ್ಜ್ ಮಾಡೋವಾಗಲಾದ್ರೂ ಇದನ್ನ ಬಿಚ್ಚಿಡಿ ಭಾವ. ಬಿಸಿ ಹೋಗೋಕೆ ದಾರಿ ಬೇಡ್ವಾ?”

“ಊಟ ಮಾಡೋವಾಗ ನೀನು ಅಂಗಿ ಬಿಚ್ತೀಯಾ?” ಎಂದ ದರ್ಜಿ. ತಮ್ಮ ಚಹಾ ಕುಡಿಯದೆ ಎದ್ದುಹೋದ.

ಅಲ್ಲಿಂದ ಮುಂದೆ ಮನೆಗಾಡಿಯಲ್ಲಿ ಬ್ಯಾಟರಿಗಳ ಸಂಸಾರ ನಡೆಯಿತು. ಕಾಜಕ್ಕ ಒಳಗೆ ಕೂತು ದೀಪ ಹಾಕಿದರೆ, “ಆರಿಸೇ, ಅದಕ್ಕೆ ಸುಸ್ತಾಗುತ್ತೆ.” ಫ್ಯಾನು ಹಾಕಿದರೆ, “ಕಿಟಕಿಯಲ್ಲಿ ಗಾಳಿ ಬರಲ್ವಾ?” ಕಿಟಕಿ ತೆಗೆದರೆ, “ಮುಚ್ಚೇ, ಧೂಳು ಬೀಳುತ್ತೆ.” ಸಮುದ್ರಕ್ಕೆ ಯಾವಾಗ ಎಂದು ಕೇಳಿದರೆ ಬ್ಯಾಟರಿ ಇನ್ನೂ ಪೂರ್ತಿ ತುಂಬಿರುತ್ತಿರಲಿಲ್ಲ. ತುಂಬಿದ್ದರೆ, ಈಗಷ್ಟೇ ತುಂಬಿದ್ದರಿಂದ ಅದಕ್ಕೆ ವಿಶ್ರಾಂತಿ ಬೇಕಾಗಿರುತ್ತಿತ್ತು. ಪ್ರತಿ ಭಾನುವಾರ ಮಾತ್ರ ದರ್ಜಿ ತೊಳೆದ ಅಂಗಿ ತೊಟ್ಟು ಗಾಡಿಯನ್ನು ಬೀದಿಯ ತಿರುವಿನವರೆಗೆ ಓಡಿಸಿ, ಹಿಮ್ಮುಖವಾಗಿಯೇ ವಾಪಸು ತಂದು ನಿಲ್ಲಿಸುತ್ತಿದ್ದ. ಬೀದಿಯ ಜನ ಕಿಟಕಿಯಿಂದ ಕೈ ಬೀಸಿ, ಹೋದ ಕೆಲಸ ಸುಸೂತ್ರವಾಯಿತೇ ಎಂದು ಕೇಳುತ್ತಿದ್ದರು. ಅವನು ಗಂಭೀರವಾಗಿ ಗೋಣು ಹಾಕುತ್ತಿದ್ದ.

ಕೊನೆಗೆ ಕಾಜಕ್ಕ ಸೂಜಿ ಕೆಳಗಿಟ್ಟಳು. ಸಮುದ್ರ ನೋಡುವ ತನಕ ಒಂದು ಕಾಜಾವನ್ನೂ ಹಾಕುವುದಿಲ್ಲ ಎಂದಳು. ಗುಂಡಿ ಹಾಕಲಾಗದ ಅಂಗಿಗಳು ಅಂಗಡಿಯ ತುಂಬ ಬಾಯಿಬಿಟ್ಟುಕೊಂಡು ನೇತಾಡತೊಡಗಿದವು. ದರ್ಜಿ ಸೋತು, ಬರುವ ಭಾನುವಾರ ಹೊರಡೋಣ ಎಂದ. ಬ್ಯಾಟರಿಗಳನ್ನು ಶುಕ್ರವಾರವೇ ಚಾರ್ಜಿಗೆ ಹಾಕಿ, ಪ್ರಯಾಣಕ್ಕೆ ಗಟ್ಟಿಯಾಗಿರಲೆಂದು ಕೋಟಿನ ಗುಂಡಿಗಳನ್ನೆಲ್ಲ ಬಿಗಿದು, ಕಿಟಕಿ ಭದ್ರ ಮಾಡಿದ. ವೈರು ಅಂಗಡಿಯೊಳಗಿನ ಸ್ವಿಚ್ಚಿನಿಂದ ಹೊರಟು ಗಾಡಿಗೆ ಹೋಗುತ್ತಿತ್ತು. ಅದಕ್ಕೂ ಒಂದು ತೋಳು ಹೊಲಿದಿದ್ದ.

ಶನಿವಾರ ಮಧ್ಯಾಹ್ನ ಕಾಜಕ್ಕ ಪಾತ್ರೆ, ಚಹಾಪುಡಿ, ಬೆಂಕಿಪೊಟ್ಟಣ ಹಿಡಿದು ಗಾಡಿಯ ಬಾಗಿಲು ತೆಗೆದಳು. ನಾಳೆ ದಾರಿಯಲ್ಲಿ ಒಲೆ ಉರಿಯುತ್ತದೋ ಇಲ್ಲವೋ, ಇಂದೇ ನೋಡೋಣವೆಂದು. ಒಳಗಿನಿಂದ ಬಿಸಿ ಉಸಿರಿನ ಹಾಗೆ ನಾತ ಬಂದು ಮುಖಕ್ಕೆ ಬಡಿಯಿತು. ಹಿಂದೆಯೇ ಬಂದಿದ್ದ ದರ್ಜಿ ಮೂಗು ಹಿಡಿದುಕೊಂಡ.

“ಥೂ! ಮೊಟ್ಟೆ ಎಲ್ಲಿಟ್ಟಿದ್ದೀಯೇ? ಬ್ಯಾಟರಿ ಇರೋ ಜಾಗದಲ್ಲಿ ಕೊಳೆತ ಮೊಟ್ಟೆ!” ಎನ್ನುತ್ತ ಅವನು ಒಳಗೆ ನುಗ್ಗಿ ಸಿಂಕಿನ ಕೆಳಗೆ ತಡಕಾಡತೊಡಗಿದ.

ಕಾಜಕ್ಕ ಬೆಂಕಿಪೊಟ್ಟಣವನ್ನು ಬೀದಿಯ ಆಚೆಗೆ ಎಸೆದಳು. “ಮೊಟ್ಟೆಯಲ್ಲ ಕಣ್ರೀ, ನಿಮ್ಮ ಮುದ್ದಿನ ಬ್ಯಾಟರಿ! ಹೊರಗೆ ಬನ್ನಿ.”

ಅವನು ಬೆಂಚಿನ ಕಡೆ ತಿರುಗಿ ಕ್ಲಿಪ್ಪಿಗೆ ಕೈ ಹಾಕಿದ.

“ಮುಟ್ಟಬೇಡಿ! ಕಿಡಿ ಹಾರಿದ್ರೆ ನೀವೂ ಇಲ್ಲ, ಬೀದಿಯೂ ಇಲ್ಲ. ಬನ್ನಿ ಅಂದ್ರೆ!”

ಆ ದನಿಯನ್ನು ದರ್ಜಿ ಈ ಮೊದಲು ಕೇಳಿರಲಿಲ್ಲ. ತೆಪ್ಪಗೆ ಇಳಿದು ಬಂದ. ಅವಳು ಬಾಗಿಲನ್ನು ಹಾರುಹೊಡೆದು, ಅಂಗಡಿಗೆ ಓಡಿ ಸ್ವಿಚ್ ಆರಿಸಿ, ತಮ್ಮನಿಗೆ ಫೋನ್ ಮಾಡಿದಳು. ದರ್ಜಿಯನ್ನು ಎದುರಿನ ಕಟ್ಟೆಯ ಮೇಲೆ ಕೂರಿಸಿದಳು. ನಾತ ಬೀದಿಗಿಳಿದು, ತೆಳುವಾಗಿ, ಹೋಯಿತು.

ಕನ್ನಡಕ, ಕೈಗವಸು ಹಾಕಿಕೊಂಡು ತಮ್ಮ ಬಂದ. ಹೊರಗೇ ಒಂದಷ್ಟು ಹೊತ್ತು ಕಾದು, ಒಳಹೊಕ್ಕು ಕಿಟಕಿಗಳನ್ನೆಲ್ಲ ತೆರೆದು, ಬ್ಯಾಟರಿ ತಣ್ಣಗಾದ ಮೇಲೆ ಗುಂಡಿ ಬಿಚ್ಚಲು ಕೂತ.

“ಏನು ಗಟ್ಟಿ ಕಾಜಾ ಅಕ್ಕ ಇದು, ಬಿಟ್ಟುಕೊಡ್ತಾನೇ ಇಲ್ಲ.” ಕೊನೆಗೆ ಕೋಟು ಬಿಚ್ಚಿಕೊಂಡಿತು. ಎರಡೂ ಬ್ಯಾಟರಿಗಳ ಹೊಟ್ಟೆ ಉಬ್ಬಿತ್ತು. ತಮ್ಮ ಹೊರಗೆ ತಲೆ ಹಾಕಿ, “ಭಾವ, ಕೋಟು ಟೈಟಾಗಿದೆ. ಸ್ವಲ್ಪ ಸಡಿಲ ಮಾಡಬೇಕಿತ್ತು” ಎಂದ. ಆಮೇಲೆ ನಗುವನ್ನು ಬಿಟ್ಟು, “ಇವು ಇನ್ನು ಕೆಲಸಕ್ಕೆ ಬರಲ್ಲ. ನಾನು ಒಯ್ತೀನಿ. ಆ ಕೋಟನ್ನೂ ಮುಟ್ಟಬೇಡಿ, ಆಸಿಡ್ ಹತ್ತಿರುತ್ತೆ” ಎಂದ.

ದರ್ಜಿಯ ಮುಖ ಸೊಪ್ಪಾಯಿತು. ಅದರ ಒಂದು ಮೂಲೆಯಲ್ಲಿ ಸಣ್ಣ ಸಮಾಧಾನವನ್ನೂ ಕಾಜಕ್ಕ ತನ್ನ ಎಡಗಣ್ಣಿನಲ್ಲೇ ಕಂಡಳು.

“ಹಾಗಾದ್ರೆ ನಾಳೆ ಆಗಲ್ಲ ಬಿಡು” ಎಂದ ಅವನು. “ಹೊಸ ಬ್ಯಾಟರಿ ಬರಲಿ. ಮುಂದಿನ ವಾರ...”

“ಯಾಕಾಗಲ್ಲ?” ಎಂದ ತಮ್ಮ. “ಇದು ಒಳಗಿನ ದೀಪಕ್ಕೆ, ಫ್ಯಾನಿಗೆ. ಗಾಡಿ ಎಳೆಯೋ ಇಂಜಿನ್‌ಗೆ ಮುಂದೆ ಬೇರೆ ಬ್ಯಾಟರಿ ಇದೆ, ಚೆನ್ನಾಗೇ ಇದೆ. ಅವತ್ತು ಮೊದಲು ಹೇಳಿದ್ದೇ ಅದು. ಅಕ್ಕ ಚಹಾ ಮಾಡ್ತಿದ್ಳು.”

ಕಾಜಕ್ಕ ಗಂಡನ ಕಡೆ ನೋಡಿದಳು. ಗಂಡ ಟೇಪಿನ ಅಂಕಿಗಳನ್ನು ಜೀವಮಾನದಲ್ಲಿ ಮೊದಲ ಸಲ ಕಂಡವನಂತೆ ಓದುತ್ತಿದ್ದ. ತಮ್ಮ ಬ್ಯಾಟರಿಗಳನ್ನು ತಳ್ಳುಗಾಡಿಗೆ ಹೇರಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

“ಭಾನುವಾರ ತಿರುವಿನ ತನಕ ಹೋಗ್ತಿದ್ದದ್ದು ಅದರಿಂದಾನಾ?”

“ಹೂಂ.”

“ಅಂದ್ರೆ ಯಾವತ್ತು ಬೇಕಾದ್ರೂ ಹೋಗಬಹುದಿತ್ತು.”

ಅವನು ಬಹಳ ಹೊತ್ತು ಟೇಪು ಸುತ್ತಿದ. “ಆ ತಿರುವಿನ ಆಚೆ ನಂಗೆ ಗೊತ್ತಿಲ್ಲ ಕಣೇ” ಎಂದ. “ಹುಟ್ಟಿದಾಗಿಂದ ಇದೇ ಬೀದಿ. ಅಷ್ಟು ದೊಡ್ಡ ಗಾಡಿ. ರಸ್ತೆ ಎಷ್ಟು ಅಗಲವೋ, ಏನೋ. ಅಳತೆ ಇಲ್ಲದೆ ಕತ್ತರಿ ಹಾಕಿದ ಹಾಗೆ ಆಗುತ್ತೆ.”

ಬೈಯಲು ಅವಳ ಬಾಯ ತುಂಬ ಮಾತಿತ್ತು. ಸುತ್ತಿದ ಟೇಪನ್ನು ಅವನು ಬಿಚ್ಚಿ ಮತ್ತೆ ಸುತ್ತತೊಡಗಿದ್ದು ಕಂಡು ನುಂಗಿಕೊಂಡಳು.

“ಬ್ಯಾಟರಿಗೆ ಚಳಿ ಅಂತ ಹೇಳೋ ಬದಲು ನಂಗೆ ಭಯ ಅಂತ ಹೇಳಿದ್ರೆ ನಾಲಿಗೆ ಸವೀತಿತ್ತಾ?” ಎಂದಳು. “ನಂಗಿನ್ನೂ ಒಂದು ಕಣ್ಣಿದೆ. ನಾನು ದಾರಿ ನೋಡ್ತೀನಿ, ನೀವು ಸ್ಟೀರಿಂಗ್ ಹಿಡೀರಿ. ನಾಳೆ ಬೆಳಿಗ್ಗೆ ನಾನು ಗಾಡಿಯಲ್ಲಿ ಕೂತಿರ್ತೀನಿ.”

ಬೆಳಿಗ್ಗೆ ಅವಳು ಕೂತಿದ್ದಳು. ಗಾಡಿ ತಿರುವಿಗೆ ಬಂದು, ಅಭ್ಯಾಸಬಲದಿಂದ ನಿಂತಿತು. ಕಿಟಕಿಗಳಲ್ಲಿ ಕೈಗಳು ಬೀಸಲು ಸಿದ್ಧವಾಗಿದ್ದವು. “ಎಡಕ್ಕೆ ಬೇಕಾದಷ್ಟು ಜಾಗ ಇದೆ” ಎಂದಳು ಕಾಜಕ್ಕ. ಗಾಡಿ ತಿರುಗಿತು.

ಸಮುದ್ರ ಅಲ್ಲೇ ಇತ್ತು. ಯಾರೂ ಅದಕ್ಕೆ ಗವಸು ಹೊಲಿದಿರಲಿಲ್ಲ. ಕಾಜಕ್ಕ ಮರಳಿನ ಮೇಲೆ ಕೂತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಉಳಿದ ಕಣ್ಣನ್ನು ಪೂರ್ತಿ ತೆರೆದು ನೋಡಿದಳು. ನೀರು ಬೆಳಕನ್ನು ಮಡಚಿ ತಂದು ಅವಳ ಕಾಲ ಬಳಿ ಬಿಚ್ಚುತ್ತಿತ್ತು. ಗಾಳಿ ತಣ್ಣಗಿತ್ತು. ಹಿಂದಿನಿಂದ ಭುಜಕ್ಕೆ ಏನೋ ತಾಗಿತು. ಟೇಪು.

“ಏನ್ರೀ ಇದು?”

“ಚಳಿ ಇದೆ. ನಿಂಗೊಂದು ಕೋಟು ಹೊಲೀತೀನಿ.”

“ಕಾಜಾ ಯಾರು ಹಾಕೋದು?”

ದರ್ಜಿ ಟೇಪನ್ನು ಅವಳ ಭುಜದಿಂದ ತೆಗೆದು ಕೊರಳಿಗೆ ಹಾಕಿಕೊಂಡ. “ನಾನೇ ಹಾಕ್ತೀನಿ. ನೀನು ಇನ್ನು ಹಾಕಬೇಡ.”

ಅವಳು ಕಣ್ಣು ತೆಗೆಯದೆ ಸಮುದ್ರವನ್ನೇ ನೋಡುತ್ತಿದ್ದಳು. “ಯಾವಾಗ ಕೊಡ್ತೀರಿ?”

“ಮುಂದಿನ ವಾರ” ಎಂದ.