ಮಟ್ಟಿ ಒರೆಸುವ ಮುನ್ನ

ಮಾದಪ್ಪ ಮೇಷ್ಟ್ರ ಮೂಗು ನೇರವಾಗಿರಲಿಲ್ಲ. ಹುಬ್ಬಿನ ನಡುವಿನಿಂದ ಸರಿಯಾಗಿಯೇ ಹೊರಟು, ಅರ್ಧ ದಾರಿಯಲ್ಲಿ ಯಾರೋ ಕರೆದಂತೆ ಎಡಕ್ಕೆ ತಿರುಗಿತ್ತು. ಕಿವಿಗಳು ಹಿಂಡಿ ಬಿಸಾಡಿದ ಬಟ್ಟೆಯ ಹಾಗೆ ಮುದುಡಿಕೊಂಡಿದ್ದವು. ಬರವಣಿಗೆ ಕಲಿಸುವ ಮೇಷ್ಟ್ರೆಂದರೆ ಜುಬ್ಬಾ, ಕನ್ನಡಕ, ಮೆಲುದನಿ ಎಂದುಕೊಂಡು ಫೀಸು ಕಟ್ಟಿದ್ದವಳು ನಾನು. ಮೊದಲ ದಿನ ತರಗತಿಗೆ ನುಗ್ಗಿದ ಈ ಆಳನ್ನು ಕಂಡು, ಡೆಸ್ಕು ರಿಪೇರಿಗೆ ಬಂದವರಿರಬೇಕೆಂದು, "ಈ ಮೂಲೇದು ಅಲ್ಲಾಡುತ್ತೆ, ನೋಡ್ರಿ" ಎಂದೆ. ಅವರು ಬಂದು ಡೆಸ್ಕಿನ ಮೂಲೆಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು. ಅಲ್ಲಾಡುವುದು ನಿಂತಿತು.

"ಇನ್ನೇನಾದ್ರೂ ಅಲ್ಲಾಡ್ತದಾ ಅಮ್ಮ? ಇಲ್ದಿದ್ರೆ ಪಾಠ ಶುರು ಮಾಡ್ತೀನಿ."

ರಾಜೀವನಗರದಲ್ಲಿ ನನ್ನದು ಹಳೆಯ ಪೀಠೋಪಕರಣಗಳ ಅಂಗಡಿ. ಮಂಚ, ಬೀರು, ಊಟದ ಮೇಜು ಕೊಂಡು, ಉಜ್ಜಿ ಬಣ್ಣ ಹೊಡೆಸಿ ಮಾರುತ್ತೇನೆ. ಅಪ್ಪ, ಗಂಡ ಯಾರೂ ಕೂರಿಸಿಕೊಟ್ಟ ಅಂಗಡಿಯಲ್ಲ. ನಾನೇ ಬಾಯಿ ಸವೆಸಿ ಕಟ್ಟಿದ್ದು. ಅಂಗಡಿಯ ಜಾಹೀರಾತನ್ನು ಇನ್ನೊಬ್ಬರ ಕೈಲಿ ಬರೆಸುವುದೇಕೆ, ನಾನೇ ಬರೆದರಾಯಿತು ಎಂದು ಕಾಲೇಜೊಂದರ ವಾರಾಂತ್ಯದ ಬರವಣಿಗೆ ಕೋರ್ಸಿಗೆ ಸೇರಿದ್ದೆ. ನೀವೂ ಸೇರುವುದಾದರೆ ಒಂದು ಮಾತು ಹೇಳುತ್ತೇನೆ: ಕಟ್ಟಡ ನೋಡಬೇಡಿ, ಮೇಷ್ಟ್ರು ಯಾರೆಂದು ಕೇಳಿ.

ಆ ಕೋರ್ಸಿನಲ್ಲಿ ಪರೀಕ್ಷೆ ಇರಲಿಲ್ಲ. ಬದಲಿಗೆ ಇ-ಪೋರ್ಟ್‌ಫೋಲಿಯೊ. ಎಂದರೆ ಪ್ರತಿಯೊಬ್ಬರಿಗೂ ಅಂತರ್ಜಾಲದಲ್ಲಿ ಒಂದು ಪುಟ. ವರ್ಷವಿಡೀ ಬರೆದದ್ದನ್ನೆಲ್ಲ, ಮೊದಲ ಕರಡಿನಿಂದ ಕೊನೆಯ ಕರಡಿನವರೆಗೆ, ಅದರಲ್ಲಿ ಒಪ್ಪವಾಗಿ ಜೋಡಿಸಬೇಕು. ಪ್ರತಿ ಬರಹದ ಕೆಳಗೂ ಅದು ಎಲ್ಲಿ ಕೆಟ್ಟಿತ್ತು, ಹೇಗೆ ಬದಲಾಯಿತು ಎಂದು ನಾವೇ ಅವಲೋಕನ ಬರೆಯಬೇಕು. ನಾವು ಮಾಡಿದ್ದೇನು? ಅಷ್ಟೂ ಜನ ಸಭೆಯ ಕೊನೆಯಲ್ಲಿ ಮಾಡುವ ಭಾಷಣ ಬರೆದೆವು. "ಈ ಕೋರ್ಸಿನಿಂದ ನನಗೆ ಬಹಳ ಉಪಯೋಗವಾಯಿತು, ಗುರುಗಳಿಗೆ ಧನ್ಯವಾದಗಳು." ನಾನಂತೂ ಮೊದಲ ಕರಡುಗಳನ್ನೆಲ್ಲ ಅಳಿಸಿ, ಬಣ್ಣ ಹೊಡೆದ ಬೀರುವಿನ ಹಾಗೆ ಕೊನೆಯದನ್ನಷ್ಟೇ ನಿಲ್ಲಿಸಿದ್ದೆ.

ಮೇಷ್ಟ್ರು ನನ್ನ ಪುಟವನ್ನು ಗೋಡೆಯ ದೊಡ್ಡ ಪರದೆಗೆ ಹಾಕಿ, ಅಂಗೈಯಿಂದ ಪರದೆಗೇ ಬಾರಿಸಿದರು. ಮೇಲಿನ ಕೊಕ್ಕೆ ಕಿತ್ತು ಬಂತು.

"ವಂದನಾರ್ಪಣೆ ಮಾಡ್ತಾ ಇದ್ದೀರೇನ್ರೀ ಜಯಮ್ನೋರೇ? ಊಟಕ್ಕೆಲ್ಲಿ ಎಲೆ ಹಾಕ್ಸಿದ್ದೀರಿ?"

ತರಗತಿ ನಕ್ಕಿತು. ಅವರು ನಗಲಿಲ್ಲ. ತಮ್ಮ ಮೂಗಿನ ಕಥೆ ಹೇಳಿದ್ದು ಆಗಲೇ. ಕುಂಬಾರಕೊಪ್ಪಲಿನ ಗರಡಿಯಲ್ಲಿ ಹುಡುಗರಾಗಿದ್ದಾಗ ಎದುರಾಳಿ ತಲೆಯಿಂದ ಗುದ್ದಿ ಮೂಗು ಮುರಿದನಂತೆ. ಬಾಯಿಗೆಲ್ಲ ರಕ್ತ, ಮೈಗೆಲ್ಲ ಗರಡಿಯ ಕೆಂಪು ಮಣ್ಣು, ಅವರ ಮಾತಿನಲ್ಲಿ ಮಟ್ಟಿ. ಒರೆಸಿಕೊಳ್ಳಲು ಹೋದರೆ ಉಸ್ತಾದರು ಬೆತ್ತದಿಂದ ಕೈಗೆ ಹೊಡೆದರಂತೆ. ಆ ಗರಡಿಯ ಪದ್ಧತಿಯೇ ಹಾಗೆ. ಸೋತವನು ಮಟ್ಟಿ ಒರೆಸುವ ಮುನ್ನ, ಎಲ್ಲರೆದುರು, ತಾನು ಹೇಗೆ ಬಿದ್ದೆನೆಂದು ಹೇಳಬೇಕು.

"'ಎಂಗ್ ಬಿದ್ದೆ?' ಅಂದ್ರು. 'ಅವ್ನು ಮೋಸ ಮಾಡ್ದ' ಅಂದೆ. ಇನ್ನೊಂದು ಬಿತ್ತು. 'ಅವ್ನ್ ಕಥೆ ಬ್ಯಾಡ, ನಿಂದು ಹೇಳು.' ಗದ್ದ ಎತ್ತಿದ್ದೆ ಕಣ್ರೀ, ಮೆರೀತಾ ಇದ್ದೆ, ಅದ್ಕೇ ಬಿದ್ದೆ. ಅಷ್ಟು ಹೇಳಿದ್‌ಮ್ಯಾಲೆ ನೀರು ಕೊಟ್ರು. ಅವಲೋಕನ ಅಂದ್ರೆ ಅದು. ಮೊದಲ್ನೇ ಕರಡು ಅಳಿಸೋದು ಅಂದ್ರೆ ಮಟ್ಟಿ ತೊಳ್ಕೊಂಡು ಬಂದು, ನಾನು ಬೀಳ್ಲೇ ಇಲ್ಲ ಅಂದಂಗೆ."

ಹೀಗೆ ಬೈದರೂ ಯಾರೂ ಬಿಟ್ಟು ಹೋಗಲಿಲ್ಲ. ಬೈದವರೇ ಮಧ್ಯಾಹ್ನ ತಮ್ಮ ಬುತ್ತಿಯ ಮುದ್ದೆ ಮುರಿದು ನಮ್ಮ ಡಬ್ಬಿಗೆ ಹಾಕುತ್ತಿದ್ದರು. ನಾನು ಕರಡಿನ ಸಂಖ್ಯೆಗೂ ಚೌಕಾಸಿ ಮಾಡುತ್ತಿದ್ದೆ. "ನಾಲ್ಕು ಯಾಕೆ ಸಾರ್, ಎರಡಕ್ಕೆ ಮುಗಿಸಿ." "ನಿಮ್ಮ ಗಿರಾಕಿ ಮೂರು ಕಾಲಿನ ಮಂಚ ತಗೋತಾನಾ?" ಎಂದು ಗದರುತ್ತಿದ್ದರು.

ಆ ಗರಡಿಯ ಪದ್ಧತಿಯನ್ನು ನಮ್ಮೆಲ್ಲರಿಗಿಂತ ನಿಜವಾಗಿ ಹಿಡಿದವಳು ಚೈತ್ರ. ವಿಜಯನಗರದಲ್ಲಿ ಪಿ.ಜಿ.ಯೊಂದರಲ್ಲಿದ್ದುಕೊಂಡು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಅವಳ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಮೊದಲ ಕರಡಿನಲ್ಲಿ "ಮೆಟ್ಟಿಲಿಂದ ಬಿದ್ದೆ" ಎಂದು ಬರೆದಿದ್ದಳು. ಕೊನೆಯದರಲ್ಲಿ, ಫೋನು ಕೊಡೆಂದು ಅಣ್ಣ ಸುನಿಲ ಕೇಳಿದ್ದು, ಕೊಡದಿದ್ದಕ್ಕೆ ಅವಳ ಕೈಯನ್ನು ಬಾಗಿಲ ಸಂದಿಗೆ ಒತ್ತಿಹಿಡಿದು ಬಾಗಿಲು ಹಾಕಿದ್ದು, ತೆರೆದು ಮತ್ತೆ ಹಾಕಿದ್ದು. ಅವಲೋಕನದಲ್ಲಿ, ಆಸ್ಪತ್ರೆಗೆ ಕರೆದೊಯ್ಯುವಾಗ ಮೆಟ್ಟಿಲ ಕಥೆಯನ್ನು ಅಮ್ಮ ಬಾಯಿಪಾಠ ಮಾಡಿಸಿದ್ದು.

"ಇದನ್ನ ಇಡ್ತೀಯೋ ತೆಗೀತೀಯೋ, ನಿನ್ನಿಷ್ಟ ಕಣಮ್ಮ. ನನ್ನ ಮೆಚ್ಸೋಕೆ ಇಡ್ಬ್ಯಾಡ" ಎಂದರು ಮೇಷ್ಟ್ರು.

"ಇಡ್ತೀನಿ ಸಾರ್. ಬೇರೆಲ್ಲಾ ಕಡೆ ನಾನು ಮೆಟ್ಟಿಲಿಂದ್ಲೇ ಬಿದ್ದಿದ್ದೀನಿ."

ಆ ಪುಟದ ಕೊಂಡಿಯನ್ನು ಯಾರೋ ಅವರ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಶನಿವಾರ ನಾವೆಲ್ಲ ಕಂಪ್ಯೂಟರ್ ಕೊಠಡಿಯಲ್ಲಿದ್ದಾಗ ಸುನಿಲ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಒಳಗೆ ಬಂದ. ನೇರ ಹೋಗಿ ಚೈತ್ರಳ ಜಡೆ ಹಿಡಿದು ಕುರ್ಚಿಯಿಂದ ಎಳೆದ. "ತೆಗಿಯೇ ಆ ಪೇಜು! ಮನೆ ಮಾನ ಹರಾಜಾಕ್ತೀಯಾ?" ಅವಳ ಹಣೆಯನ್ನು ಮೇಜಿನ ಅಂಚಿಗೆ ಬಡಿದ. ಮೇಷ್ಟ್ರು ನಡುವೆ ಬಂದರು. ಹೆಲ್ಮೆಟ್ಟು ಅವರ ಮುಖಕ್ಕೆ ಬಿತ್ತು. ಆ ಮೂಗಿನಿಂದ ಮತ್ತೆ ರಕ್ತ. ಅವರು ಕೂಗಲಿಲ್ಲ, ಬೈಯಲಿಲ್ಲ. ಹೆಲ್ಮೆಟ್ಟಿದ್ದ ಕೈಯ ಮಣಿಕಟ್ಟು ಹಿಡಿದು, ಅರ್ಧ ಸುತ್ತು ತಿರುಗಿ, ಅವನನ್ನು ನೆಲಕ್ಕೆ ಕೆಡವಿ ಬೆನ್ನಿನ ಮೇಲೆ ಮಂಡಿಯೂರಿದರು. ಸುನಿಲ ಇನ್ನೊಂದು ಕೈಯಿಂದ ನೆಲ ಬಡಿಯತೊಡಗಿದ. "ತಪ್ಪಾಯ್ತು ಸಾರ್, ಬುಡಿ, ಬುಡಿ."

ಒಣ ಸೌದೆ ಮುರಿದಂಥ ಸದ್ದು ಬಂತು.

ಸಂಜೆ ಠಾಣೆಯ ಮುಂದೆ ನಾನೇ ಮುಂದಾಳು. ಸುನಿಲನ ಕಡೆಯಿಂದ ದೂರು ಬಂದಿತ್ತು. ಅವನ ಸೋದರಮಾವ ವ್ಯವಹಾರ ತಿಳಿದ ಮನುಷ್ಯ. ಹುಣಸೆಮರದ ಕೆಳಗೆ ನಿಂತು ಇಬ್ಬರೂ ಮಾತು ಎಳೆದಾಡಿ ಒಂದು ರಾಜಿಗೆ ತಂದೆವು. ಚೈತ್ರ ಪುಟ ಅಳಿಸಬೇಕು, ಅವರು ದೂರು ವಾಪಸು ಪಡೆಯಬೇಕು. ಅಕಸ್ಮಾತ್ ಅವರು ಹಿಂದೆಗೆದರೆ ಎಂದು ನಮ್ಮ ತರಗತಿಯವರಿಗೂ ಹೇಳಿಟ್ಟಿದ್ದೆ: ಎಳೆದಾಟದಲ್ಲಿ ಕೈ ಮುರಿಯಿತು, ಮೇಷ್ಟ್ರು ತಮ್ಮ ಜೀವ ಉಳಿಸಿಕೊಂಡರು, ಅಷ್ಟೇ. ರಾಜಿ ಮಾಡಿಸುವವರು ಯಾವಾಗಲೂ ಎರಡನೇ ಬಾಗಿಲು ಇಟ್ಟುಕೊಂಡಿರಬೇಕು.

ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಚೈತ್ರ ಫೋನು ತೆಗೆದಳು. "ಸಾರ್ ಜೈಲಿಗೆ ಹೋಗ್ಬಾರ್ದು ಅಕ್ಕ. ಅಳಿಸ್‌ಬುಡ್ತೀನಿ."

ಬೆಂಚಿನ ಮೇಲಿದ್ದ ಮೇಷ್ಟ್ರು ಎದ್ದರು. "ಏನು ವ್ಯಾಪಾರ ಕುದುರ್ಸಿದ್ರಿ ಜಯಮ್ನೋರೇ?"

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

"ಅವ್ಳ ಮಾಲು ಕೊಟ್ಟು ನನ್ನ ಬುಡಿಸ್ಕೋತೀರಾ?" ಎಂದು ಸೀದಾ ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ಇನ್‌ಸ್ಪೆಕ್ಟರ ಎದುರು ನಿಂತು ಅವರು ಹೇಳಿದ್ದು ಇಷ್ಟು: "ಬರ್ಕೊಳ್ಳಿ ಸ್ವಾಮಿ. ಅವ್ನು ಸೋತಿದ್ದ. ಬುಡಿ ಅಂದ. ಅದಾದ್ಮ್ಯಾಲೆ ನಾನು ಮುರ್ದೆ. ಬೇಕಂತಲೇ ಮುರ್ದೆ."

"ಸಾರ್, ಮೈಮೇಲೆ ಜ್ಞಾನ ಇಟ್ಕೊಂಡ್ ಮಾತಾಡಿ!" ಎಂದು ನಾನು ತೋಳು ಹಿಡಿದು ಎಳೆದೆ. ಮರ ಎಳೆದ ಹಾಗಾಯಿತು. ಸಹಿ ಹಾಕಿಬಿಟ್ಟರು. ಕೈಯಲ್ಲಿದ್ದದ್ದನ್ನೆಲ್ಲ ತಾನೇ ಎದುರಾಳಿಯ ಮುಂದೆ ಸುರಿದವನ ಪರವಾಗಿ ಯಾವ ಚೌಕಾಸಿ ನಡೆಯುತ್ತದೆ? ಸೋದರಮಾವ ನನ್ನತ್ತ ನೋಡಿ ಕೈ ಚೆಲ್ಲಿದರು. ಚೈತ್ರ ಫೋನನ್ನು ಚೀಲಕ್ಕೆ ಹಾಕಿಕೊಂಡು, ಅದೇ ಮೇಜಿನ ಮುಂದೆ ಕುಳಿತು, ಬಾಗಿಲ ಸಂದಿಯಿಂದ ಹಿಡಿದು ತನ್ನ ಹೇಳಿಕೆ ಕೊಟ್ಟಳು.

ಕಾಲೇಜಿನವರು ಮೇಷ್ಟ್ರನ್ನು ತೆಗೆದುಹಾಕಿದರು. ಅವರ ಮೇಲಿನ ಮೊಕದ್ದಮೆ ನಡೆಯುತ್ತಲೇ ಇದೆ, ಸುನಿಲನ ಮೇಲಿನದೂ. ವಕೀಲರನ್ನು ಗೊತ್ತು ಮಾಡಿಕೊಡುತ್ತೇನೆಂದರೆ, "ನಿಜ ಹೇಳಾಯ್ತಲ್ಲ, ಇನ್ನು ವಕೀಲ್ರು ಏನ್ ಮಾತಾಡ್ತಾರೆ?" ಎಂದರು. ನಾನು ಈಗಲೂ ಹೇಳುತ್ತೇನೆ, ನನ್ನ ರಾಜಿ ಒಳ್ಳೆಯ ರಾಜಿಯಾಗಿತ್ತು. ಅವರಿಗೆ ವ್ಯಾಪಾರ ಬರುತ್ತಿರಲಿಲ್ಲ.

ನನ್ನ ಪೋರ್ಟ್‌ಫೋಲಿಯೊದ ಕೊನೆಯ ಬರಹ ಅವರ ಮೇಲೆಯೇ. ಇದೇ, ನೀವು ಓದುತ್ತಿರುವುದೇ. ಸಲ್ಲಿಸುವ ಮುಂಚೆ ಅವರ ಮನೆಗೆ ಹೋಗಿ ಫೋನಿನಲ್ಲಿ ಓದಿ ಹೇಳಿದೆ. ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತು ಕೇಳಿದರು.

"ಅವ್ನ ಕೂಗೆಲ್ಲಿ ಹೋಯ್ತು?" ಎಂದರು.

"ಅದ್ಯಾಕೆ ಸಾರ್? ಓದೋರಿಗೆ ನಿಮ್ಮ ಮೇಲೆ ಬೇಜಾರಾಗುತ್ತೆ."

"ಆಗ್ಲಿ. ಸೌದೆ ಗೀದೆ ಅಂತ ಬರ್ದು ಮುಚ್‌ಬುಟ್ಟಿದ್ದೀರಿ. ಅದು ಸೌದೆಯಾ? ದಿನಾ ಕೇಳ್ತೀನಿ ನಾನು ಅದ್ನ. ಕೂಗಿದ್ದು ಬರೀರಿ, ಹುಡುಗಿ ಮಾಡಿದ್ದೂ ಬರೀರಿ."

ಅದೇ ಕೊನೆಯ ಭೇಟಿ. ಮುಂದಿನ ಸಲ ಹೋದಾಗ ಬಾಡಿಗೆ ಮನೆಯಲ್ಲಿ ಬೇರೆ ಸಂಸಾರ ಇತ್ತು. ಎಲ್ಲಿಗೆ ಹೋದರೆಂದು ಪಕ್ಕದವರಿಗೂ ತಿಳಿದಿರಲಿಲ್ಲ. ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಅವರು ಹೇಳಿದ್ದನ್ನು ಈಗ ಸೇರಿಸುತ್ತಿದ್ದೇನೆ, ಮೇಲಿನದನ್ನು ಅಳಿಸಿಲ್ಲ.

ಮೂಳೆ ಮುರಿದಾಗ ಸುನಿಲ ಅವ್ವಾ ಎನ್ನಲಿಲ್ಲ, ಅಪ್ಪಾ ಎನ್ನಲಿಲ್ಲ. "ಚೈತ್ರಾ, ಬುಡ್ಸೇ, ಚೈತ್ರಾ" ಎಂದು ಕೂಗಿದ. ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವಳು ಎದ್ದು ಬಂದು, ಎರಡೂ ಮುಷ್ಟಿಯಿಂದ ಮೇಷ್ಟ್ರ ಬೆನ್ನಿಗೆ ಗುದ್ದತೊಡಗಿದಳು. "ಬುಡಿ ಸಾರ್, ನಮ್ಮಣ್ಣನ್ನ ಬುಡಿ, ಸಾಯ್ತಾನೆ, ಬುಡಿ." ನಾವೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಮೇಷ್ಟ್ರು ಆಗಲೂ ಬಿಟ್ಟಿರಲಿಲ್ಲ.